ಎಂಟ್ರೊಪಿ: ವ್ಯಾಖ್ಯೆ ಸಾಲದು, ವಾಕ್ಯ ಬೇಕು

ಕಂಟೋನ್ಮೆಂಟ್ ಎಂಬ ಪರದೇಶದ ಮಾತಿಗೆ ನಮ್ಮ ಹಿರಿಯರು ‘ದಂಡು’ ಎಂದು ಕನ್ನಡದ ಹೆಸರನ್ನಿಟ್ಟರು. ರೈಲನ್ನು ಮಾತ್ರ ರೈಲೆಂದೇ ಉಳಿಸಿಕೊಂಡರು. 1864ರಲ್ಲಿ ಬೆಂಗಳೂರು ದಂಡಿಗೆ ರೈಲು ಬಂದಿತು. ರೈಲಿಗೆ, ರೈಲಿನಲ್ಲಿ, ರೈಲಿನಿಂದ ಎಂಬ ರೂಪಗಳನ್ನು ಜನರಿಗೆ ಯಾರೂ ಕಲಿಸಬೇಕಾಗಲಿಲ್ಲ. ಬಳಕೆಯೇ ಆ ಪದವನ್ನು ನಮ್ಮದಾಗಿ ಮಾಡಿತು. ಭೌತವಿಜ್ಞಾನದ ಪದಗಳಿಗೆ ಈ ಭಾಗ್ಯವು ಏಕೆ ಒದಗಬಾರದು?

ನಗರದ ಪೂರ್ವಭಾಗದಲ್ಲಿ ಪಾಠ ಹೇಳುವ ನಾವು ತರಗತಿಯಲ್ಲಿ ‘ಎಂಟ್ರೊಪಿ ಎಂದರೇನು?’ ಎಂದು ಕೇಳಿದರೆ, ‘ಅವ್ಯವಸ್ಥೆಯ ಅಳತೆ’ ಎಂಬ ಉತ್ತರವು ಒಡನೆಯೇ ಬರುತ್ತದೆ. ಆ ಪದವನ್ನು ಬಳಸಿ ಒಂದು ವಾಕ್ಯ ಹೇಳಿರೆಂದರೆ ಎಲ್ಲರೂ ಮೌನ. ಕೃಷ್ಣರಾಜಪುರದ ಕಡೆಯ ಕನ್ನಡ ಶಾಲೆಗಳಿಂದ ಬಂದವರು ತಮ್ಮ ಇಂಗ್ಲಿಷಿನ ಕೊರತೆಯೇ ಇದಕ್ಕೆ ಕಾರಣವೆಂದು ತಲೆ ತಗ್ಗಿಸುತ್ತಾರೆ. ಆದರೆ ಇಂಗ್ಲಿಷಿನಲ್ಲೇ ಓದಿ ಬಂದವರೂ ಅಷ್ಟೇ ಮೌನಿಗಳೆಂಬುದನ್ನು ಅವರು ಗಮನಿಸುವುದಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿಯು ಧೈರ್ಯಮಾಡಿ, ‘ಶಿವಾಜಿನಗರದ ಮಾರುಕಟ್ಟೆಯಲ್ಲಿ ಎಂಟ್ರೊಪಿ ಬಹಳ’ ಎಂದನು. ಎಲ್ಲರೂ ನಕ್ಕರು. ವಾಕ್ಯದ ವ್ಯಾಕರಣವು ಶುದ್ಧವಾಗಿತ್ತು. ಭೌತವಿಜ್ಞಾನವು ಮಾತ್ರ ಅದರಲ್ಲಿರಲಿಲ್ಲ.

ಈ ಪದವನ್ನು 1865ರಲ್ಲಿ ರಚಿಸಿದವನು ಜರ್ಮನ್ ವಿಜ್ಞಾನಿ ರೂಡಾಲ್ಫ್ ಕ್ಲಾಸಿಯಸ್. ‘ಎನರ್ಜಿ’ ಎಂಬ ಪದವನ್ನು ಹೋಲಬೇಕೆಂದು, ಪರಿವರ್ತನೆಯೆಂಬ ಅರ್ಥದ ಗ್ರೀಕ್ ಮಾತಿನಿಂದ ಅವನು ಇದನ್ನು ಕಟ್ಟಿದನು. ಹಾಗಾಗಿ ಎಂಟ್ರೊಪಿ ಎಂಬುದು ಜರ್ಮನರಿಗೂ ಇಂಗ್ಲಿಷರಿಗೂ ಹೊಸತೇ ಆಗಿತ್ತು. ಅದು ಯಾರಿಗೂ ತಾಯಿಯ ಮಡಿಲಲ್ಲಿ ಕಲಿತ ಮಾತಲ್ಲ.

ಹಾಗಾದರೆ ಅದನ್ನು ಬಳಸುವ ಬಗೆ ಹೇಗೆ? ಎಂಟ್ರೊಪಿಯು ಕ್ರಿಯೆಯಲ್ಲ, ಪರಿಮಾಣ. ಅದು ಹೆಚ್ಚಬಹುದು, ತಗ್ಗಬಹುದು, ಇದ್ದಂತೆಯೇ ಇರಬಹುದು. ‘ನೀರು ಎಂಟ್ರೊಪಿಯಾಯಿತು’ ಎನ್ನುವುದು ಸಲ್ಲದು. ಯಾವುದರ ಎಂಟ್ರೊಪಿ, ಯಾವ ಕ್ರಿಯೆಯಲ್ಲಿ, ಎಷ್ಟು ಬದಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ವಾಕ್ಯವು ಉತ್ತರ ಕೊಡಬೇಕು.

ಅದೇ ಮಾರುಕಟ್ಟೆಯ ಮೀನಿನಂಗಡಿಗೆ ಹೋಗೋಣ. ಅಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 1 ಕಿಲೋಗ್ರಾಂ ಮಂಜುಗಡ್ಡೆ ಕರಗುತ್ತಿದೆಯೆನ್ನಿ. ಕರಗಲು ಅದಕ್ಕೆ ಸುಮಾರು 3,34,000 ಜೂಲ್ ಶಾಖ ಬೇಕು. ಉಷ್ಣತೆಯು ಬದಲಾಗದಿರುವಾಗ, ಪಡೆದ ಶಾಖವನ್ನು ಕೆಲ್ವಿನ್ ಮಾನದ ಉಷ್ಣತೆಯಿಂದ ಭಾಗಿಸಿದರೆ ಎಂಟ್ರೊಪಿಯ ಬದಲಾವಣೆ ದೊರೆಯುತ್ತದೆ. 273ರಿಂದ ಭಾಗಿಸೋಣ: ‘ಮಂಜುಗಡ್ಡೆಯು ಕರಗಿದಾಗ ಅದರ ಎಂಟ್ರೊಪಿಯು ಕೆಲ್ವಿನ್ನಿಗೆ ಸುಮಾರು 1,223 ಜೂಲ್‌ನಷ್ಟು ಹೆಚ್ಚಿತು.’ ಇದು ವಾಕ್ಯ!

ಆ ಶಾಖವನ್ನು ಕೊಟ್ಟದ್ದು 27 ಡಿಗ್ರಿಯ, ಎಂದರೆ 300 ಕೆಲ್ವಿನ್ನಿನ, ಸುತ್ತಲಿನ ಗಾಳಿ. ಅದರ ಎಂಟ್ರೊಪಿಯು ಸುಮಾರು 1,113ರಷ್ಟು ತಗ್ಗಿತು. ಆದುದರಿಂದ ‘ಎಂಟ್ರೊಪಿಯು ಎಂದೂ ತಗ್ಗದು’ ಎಂಬ ಕಂಠಪಾಠದ ಮಾತು ಅಪೂರ್ಣ. ಮಂಜುಗಡ್ಡೆ, ಗಾಳಿ ಎರಡನ್ನೂ ಕೂಡಿಸಿ ನೋಡಿದರೆ ಒಟ್ಟು 110ರಷ್ಟು ಹೆಚ್ಚಳವುಂಟು. ತಗ್ಗದಿರುವುದು ಈ ಒಟ್ಟು ಮೊತ್ತ. ಬೆಚ್ಚನೆಯ ಗಾಳಿಯಲ್ಲಿಟ್ಟ ನೀರು ತಾನಾಗಿಯೇ ಮರಳಿ ಗಡ್ಡೆಗಟ್ಟದಿರುವುದು ಈ ಕಾರಣದಿಂದಲೇ.

ಪರೀಕ್ಷೆಯಲ್ಲಿ ವ್ಯಾಖ್ಯೆಗೆ ಅಂಕ ದೊರೆಯುತ್ತದೆ. ವಾಕ್ಯವನ್ನು ಕೇಳುವವರು ವಿರಳ. ಅಧ್ಯಾಪಕರಾದ ನಮ್ಮ ತಪ್ಪೂ ಇದರಲ್ಲಿ ಇಲ್ಲದಿಲ್ಲ. ವ್ಯಾಖ್ಯೆಯನ್ನು ಅರ್ಥ ತಿಳಿಯದೆಯೂ ಒಪ್ಪಿಸಬಹುದು. ಅಳತೆಯುಳ್ಳ ಸ್ವಂತ ವಾಕ್ಯವನ್ನು ಹಾಗೆ ರಚಿಸಲಾಗದು. ವಿದ್ಯಾರ್ಥಿ ಮಿತ್ರರು ಹೊಸ ಪದವೊಂದು ಎದುರಾದಾಗ ಅದನ್ನು ಕುರಿತು ಕನ್ನಡದಲ್ಲಿ ಮೂರು ವಾಕ್ಯಗಳನ್ನಾದರೂ ಬರೆದು ನೋಡಲಿ. ಬರೆಯಲಾಗದೆ ಲೇಖನಿ ನಿಂತರೆ, ತಿಳಿಯದೆ ಉಳಿದದ್ದು ಎಲ್ಲಿದೆಯೆಂಬುದು ಅಲ್ಲಿಯೇ ಗೊತ್ತಾಗುತ್ತದೆ.