ಕೀಲುನೋವಿನ ಕೇಸ್ ಶೀಟಿನಲ್ಲಿ ಇಲ್ಲದ ಪ್ರಶ್ನೆ

ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸೋಣವೆಂದರೆ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರದು, ಕುಕ್ಕರಿನ ಮುಚ್ಚಳ ತೆಗೆಯಲು ಮಗನನ್ನು ಕೂಗಬೇಕು, ನಿನ್ನೆ ತೊಟ್ಟ ಬಳೆ ಇವತ್ತು ಗೆಣ್ಣು ದಾಟದು. ಗಂಟೆ ಕಳೆದು, ಬಿಸಿನೀರಿನಲ್ಲಿ ಕೈ ಅದ್ದಿದ ಮೇಲೆ ಅಷ್ಟಿಷ್ಟು ಸಡಿಲ. ರುಮಟಾಯ್ಡ್ ಸಂಧಿವಾತ ಇರುವವರ ದಿನ ಶುರುವಾಗುವುದು ಹೀಗೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಆಸ್ಪತ್ರೆಗೆ ಹೋದರೆ ರಕ್ತಪರೀಕ್ಷೆ, ಎಕ್ಸ್-ರೇ ಆಗುತ್ತದೆ. ತಾಯಿಗೋ ಅಜ್ಜಿಗೋ ವಾತ ಇತ್ತೇ ಎಂದು ವಿಚಾರಿಸುತ್ತಾರೆ. ಬೆಳೆದ ಮನೆ ಹೇಗಿತ್ತು ಎಂದು ಕೇಳುವವರು ಅಪರೂಪ. ಕೇಳಬೇಕು.

ಈ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದವರು ಅಮೆರಿಕದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ. 1995ರಿಂದ 1997ರವರೆಗೆ ಸ್ಯಾನ್ ಡಿಯಾಗೊದಲ್ಲಿ ಆರೋಗ್ಯ ತಪಾಸಣೆಗೆ ಬಂದ 17,000ಕ್ಕೂ ಹೆಚ್ಚು ವಯಸ್ಕರಿಗೆ ಅವರು ಪ್ರಶ್ನಾವಳಿ ಕೊಟ್ಟರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲೆ ಕೈಮಾಡುವುದನ್ನು ಕಂಡದ್ದು, ಮನೆಯಲ್ಲಿ ಕುಡಿತ, ಅಪ್ಪ-ಅಮ್ಮ ಬೇರೆಯಾದದ್ದು ಎಲ್ಲವೂ ಅದರಲ್ಲಿತ್ತು. ಅವರಲ್ಲಿ 15,357 ಜನರ ಆಸ್ಪತ್ರೆ ದಾಖಲೆಗಳನ್ನು ಮುಂದೆ ಪರಿಶೀಲಿಸಿದ ಅಧ್ಯಯನ 2009ರಲ್ಲಿ ಹೊರಬಂತು. ಇಂಥ ಎರಡು ಅಥವಾ ಹೆಚ್ಚು ಅನುಭವಗಳಿದ್ದವರು ಸಂಧಿವಾತದ ಗುಂಪಿನ ಕಾಯಿಲೆಗಳಿಂದ ಆಸ್ಪತ್ರೆ ಸೇರುವ ಸಾಧ್ಯತೆ, ಯಾವ ಅನುಭವವೂ ಇಲ್ಲದವರಿಗಿಂತ ಇಮ್ಮಡಿಯಾಗಿತ್ತು.

ಕುಡಿದು ಬರುವ ಅಪ್ಪನ ಚಪ್ಪಲಿ ಸದ್ದಿಗೆ ಹೆದರಿದ ಹುಡುಗಿಗೂ ಮೂವತ್ತು ವರ್ಷದ ನಂತರ ಊದುವ ಗೆಣ್ಣಿಗೂ ಎಲ್ಲಿಯ ನಂಟು? ಹೆದರಿದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಕೀಲು ಊದಿಸುವ ಉರಿಯೂತಕ್ಕೆ ಲಗಾಮು ಹಾಕುವುದೂ ಅದೇ. ದಿನವೂ ಹೆದರುವ ಮಗುವಿನಲ್ಲಿ ಈ ವ್ಯವಸ್ಥೆಯ ಹದ ತಪ್ಪಿ ಲಗಾಮು ಸಡಿಲವಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಕಾರ್ಟಿಸಾಲ್‌ನ ಸೋದರ ರಾಸಾಯನಿಕವಾದ ಕಾರ್ಟಿಸೋನನ್ನೇ 1948ರಲ್ಲಿ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ತಂಡ ಸಂಧಿವಾತದಿಂದ ನರಳುತ್ತಿದ್ದ ಯುವತಿಗೆ ಚುಚ್ಚಿತ್ತು. ಕೆಲವೇ ದಿನಗಳಲ್ಲಿ ಆಕೆ ಓಡಾಡಿದಳು. 1950ರಲ್ಲಿ ಹೆಂಚ್‌ಗೆ ನೊಬೆಲ್ ಬಂತು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನು ಬೆನ್ನುಹಿಡಿದ ಅಧ್ಯಯನವೂ ಲಗಾಮು ಸಡಿಲವಾಗುವ ವಿವರಣೆಗೆ ಬಲ ಕೊಡುತ್ತದೆ. ಬಾಲ್ಯದಲ್ಲಿ ದೌರ್ಜನ್ಯ ಕಂಡವರ ರಕ್ತದಲ್ಲಿ 32ನೇ ವಯಸ್ಸಿನಲ್ಲೂ ಉರಿಯೂತದ ಗುರುತುಗಳು ಹೆಚ್ಚಿದ್ದವು.

ಇಲ್ಲೊಂದು ಎಚ್ಚರಿಕೆ ಬೇಕೇ ಬೇಕು. ನೂರು ಜನರಲ್ಲಿ ಒಬ್ಬರಿಗೂ ಬಾರದ ಕಾಯಿಲೆಯ ಸಾಧ್ಯತೆ ಇಮ್ಮಡಿಯಾದರೂ ಅದು ಸಣ್ಣದೇ. ವಂಶವಾಹಿ ಇದೆ, ಸಿಗರೇಟ್ ಇದೆ. ಮುದ್ದಿನಲ್ಲಿ ಬೆಳೆದವರಿಗೂ ಸಂಧಿವಾತ ಬರುತ್ತದೆ, ಪೆಟ್ಟು ತಿಂದು ಬೆಳೆದ ಬಹುಪಾಲು ಜನರಿಗೆ ಬರುವುದಿಲ್ಲ. 1950ರ ಸುಮಾರಿಗೆ ಷಿಕಾಗೊದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಈ ಕಾಯಿಲೆಯನ್ನು ಅದುಮಿಟ್ಟ ಸಿಟ್ಟಿನ ಜೊತೆ ತಳಕು ಹಾಕಿದ್ದರು. ಅದರಿಂದ ಆದದ್ದು ಅನ್ಯಾಯ: ನೋವು ತಿನ್ನುತ್ತಿದ್ದವರ ಸ್ವಭಾವವೇ ಕಟಕಟೆಗೆ ಬಂತು. ಆ ತಪ್ಪು ಮತ್ತೆ ಆಗಬಾರದು. ಹಳೆಯ ನೋವು ಹೇಳಿಕೊಂಡರೆ ಸಾಕು, ಮಾತ್ರೆ ಬೇಡ ಎನ್ನುವವರ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬಾರದು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಕೀಲು ಸವೆಯುವುದನ್ನು ತಡೆಯುತ್ತದೆ. ಸವೆದ ಕೀಲು ಮತ್ತೆ ಮೊದಲಿನಂತಾಗದು.

ಹಾಗಾದರೆ ಕೇಳುವುದೇಕೆ? ಬಾಲ್ಯದ ಭಯ ಖಿನ್ನತೆಯಾಗಿ, ನಿದ್ದೆಗೇಡಾಗಿ ಉಳಿದಿದ್ದರೆ ನೋವು ತಾಳುವುದು ಕಷ್ಟವಾಗುತ್ತದೆ, ಔಷಧಿಯೂ ತಪ್ಪುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಗೊತ್ತಾದರೆ ತಾನೇ ಕೊಡುವುದು. ನಮ್ಮಲ್ಲಿ ಅಂಥ ಬಾಲ್ಯ ಅಪರೂಪವೂ ಅಲ್ಲ. ಕೇಂದ್ರ ಸರ್ಕಾರವೇ 2007ರಲ್ಲಿ 13 ರಾಜ್ಯಗಳ ಸಮೀಕ್ಷೆ ಪ್ರಕಟಿಸಿದಾಗ ಮೂವರು ಮಕ್ಕಳಲ್ಲಿ ಇಬ್ಬರು ಪೆಟ್ಟು ತಿಂದವರೆಂದು ತಿಳಿಯಿತು. ಆ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಒಪಿಡಿ ಸಾಲಿನಲ್ಲಿ ಚೀಟಿ ಹಿಡಿದು ನಿಲ್ಲುವ ವಯಸ್ಸಿಗೆ ಬರುತ್ತಿದ್ದಾರೆ.

ಕೀಲುರೋಗದ ವೈದ್ಯರಲ್ಲಿ ಕೋರಿಕೆ ಇಷ್ಟೇ. ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಎರಡು ನಿಮಿಷ ಹೊರಗೆ ಕೂರಿಸಿ, "ಚಿಕ್ಕವರಿದ್ದಾಗ ಮನೆಯಲ್ಲಿ ಹೇಗಿತ್ತಮ್ಮ?" ಎಂದು ಕೇಳಿ. ಆಕೆ ಹೇಳದಿದ್ದರೆ ಒತ್ತಾಯ ಬೇಡ. ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ.