ಗಿಟಾರಿನ ಅಂಗಡಿಗೆ ಅಡಿಪಟ್ಟಿ ಒಯ್ಯಿರಿ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ನನ್ನ ಬಳಿ ಬರುವ ಪೋಷಕರಲ್ಲಿ ಇಬ್ಬರು ಮೂವರಾದರೂ ಒಂದೇ ಪ್ರಶ್ನೆ ಕೇಳುತ್ತಾರೆ: 'ಸಾರ್, ಹುಡುಗ ಗಿಟಾರ್ ಬೇಕು ಅಂತ ಹಟ ಹಿಡಿದಿದ್ದಾನೆ. ಯಾವುದು ಕೊಡಿಸೋಣ?' ವಿಜ್ಞಾನದ ಮೇಷ್ಟ್ರಿಗೂ ಗಿಟಾರಿಗೂ ಏನು ಸಂಬಂಧ ಎನ್ನಬೇಡಿ. ಶಬ್ದದ ಪಾಠ ಬಂದಾಗ ನಾನು ತರಗತಿಗೆ ಗಿಟಾರು ಒಯ್ಯುತ್ತೇನೆ. ಪ್ರಯೋಗಾಲಯದ ಸೋನೋಮೀಟರಿಗಿಂತ ಇದರಲ್ಲಿ ತಂತಿಗಳು ಹೆಚ್ಚು, ಹುಡುಗರ ಆಸಕ್ತಿ ಇನ್ನೂ ಹೆಚ್ಚು. ನುಡಿಸುವುದರಲ್ಲಿ ನಾನು ಪಂಡಿತನಲ್ಲ. ಆದರೆ ವಾದ್ಯ ಸರಿಯಾಗಿದೆಯೋ ಇಲ್ಲವೋ ಎಂಬುದು ಬಹುಪಾಲು ಭೌತವಿಜ್ಞಾನದ ಪ್ರಶ್ನೆ; ಅದಕ್ಕೆ ಉತ್ತರ ಹುಡುಕಲು ಅಡಿಪಟ್ಟಿ, ಕಣ್ಣು, ಕಿವಿ ಸಾಕು.

ಪ್ರಶ್ನೆಯ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. 'ಸದ್ಯಕ್ಕೆ ನಾಲ್ಕು ಸಾವಿರದ್ದು ಒಂದು ತಂದುಕೊಡ್ತೀನಿ ಸಾರ್. ಕಲಿತರೆ ಆಮೇಲೆ ಒಳ್ಳೇದು ಕೊಡಿಸಿದರಾಯ್ತು.' ಕೇಳಲು ವಿವೇಕದ ಮಾತೇ. ಆದರೆ ಲೆಕ್ಕ ತಲೆಕೆಳಗು. ನುರಿತವನು ಕೆಟ್ಟ ಗಿಟಾರಿನಿಂದಲೂ ಹೇಗೋ ನಾದ ಹೊರಡಿಸಿಯಾನು, ಹೊಸಬನ ಕೈಯಲ್ಲಿ ಅದಾಗದು. ಬೆರಳು ಬೊಬ್ಬೆ ಬಂದು, ಸ್ವರ ಅಪಸ್ವರವಾಗಿ, ತಿಂಗಳೊಪ್ಪತ್ತಿನಲ್ಲಿ ಗಿಟಾರು ಅಟ್ಟ ಸೇರುತ್ತದೆ. ಆಮೇಲೆ ಮನೆಯಲ್ಲಿ ತೀರ್ಪು: 'ಇವನಿಗೆ ಸಂಗೀತ ಹತ್ತಲಿಲ್ಲ.' ಮಗುವೂ ಆ ಮಾತನ್ನು ನಂಬಿಬಿಡುತ್ತದೆ. ನನಗೆ ಸಂಕಟವಾಗುವುದು ಹೋದ ನಾಲ್ಕು ಸಾವಿರಕ್ಕಲ್ಲ, ಈ ತೀರ್ಪಿಗೆ.

ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಹೀಗೇ ಕೈಬಿಡುವ ಹಂತಕ್ಕೆ ಬಂದಿದ್ದ. ಗಿಟಾರು ತರಿಸಿ ನೋಡಿದೆ. ಕತ್ತಿನ ಮೇಲೆ ಅಡ್ಡಡ್ಡ ಹೊಡೆದಿರುವ ಲೋಹದ ಪಟ್ಟಿಗಳನ್ನು ಫ್ರೆಟ್ ಎನ್ನುತ್ತಾರೆ, ನಮ್ಮ ವೀಣೆಯ ಮೆಟ್ಟಿಲುಗಳಿದ್ದ ಹಾಗೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಡಿಪಟ್ಟಿ ನಿಲ್ಲಿಸಿ ಅಳೆದರೆ 4 ಮಿಲಿಮೀಟರಿಗೂ ಒಂದು ಕೂದಲು ಹೆಚ್ಚು. ಇರಬೇಕಾದದ್ದು ಎರಡೂವರೆ, ಹೆಚ್ಚೆಂದರೆ ಮೂರು. ಸಣ್ಣ ತಂತಿಗೆ ಎರಡರ ಆಸುಪಾಸು. 'ಒಂದು ಮಿಲಿಮೀಟರಿಗೆ ಇಷ್ಟೊಂದು ರಾದ್ಧಾಂತವೇ?' ಎಂದ ಅವನ ತಂದೆ. ಹೌದು ಸ್ವಾಮಿ. ತಂತಿಯ ಎತ್ತರ ಇಮ್ಮಡಿಯಾದರೆ ಅದನ್ನು ಫ್ರೆಟ್ಟಿಗೆ ತಾಗಿಸಲು ಬೇಕಾದ ಬಲ ಹೆಚ್ಚುಕಡಿಮೆ ಇಮ್ಮಡಿ. ಒತ್ತಿದಾಗ ತಂತಿ ಹಿಗ್ಗುತ್ತದಲ್ಲ, ಆ ಹಿಗ್ಗು ಮಾತ್ರ ಎತ್ತರದ ವರ್ಗಕ್ಕೆ ಅನುಗುಣ, ಅಂದರೆ ನಾಲ್ಮಡಿ. ಹಿಗ್ಗಿದ ತಂತಿಯ ಬಿಗಿತ ಏರುತ್ತದೆ, ಸ್ವರವೂ ಏರಿಬಿಡುತ್ತದೆ. ಹೀಗಾಗಿ ಎತ್ತರದ ತಂತಿ ಎರಡು ಏಟು ಕೊಡುತ್ತದೆ, ಒಂದು ಬೆರಳಿಗೆ, ಇನ್ನೊಂದು ಕಿವಿಗೆ.

ಪರಿಹಾರವೂ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ತಂತಿಯ ಒಂದು ತುದಿ ಕತ್ತಿನ ಮೇಲ್ಗಡೆಯ ಕಟ್ಟೆಯ ಮೇಲೆ, ಇನ್ನೊಂದು ಕುದುರೆಯ ಮೇಲೆ ಕೂತಿರುವ ಬಿಳಿಯ ಪಟ್ಟಿಯ ಮೇಲೆ. ಹನ್ನೆರಡನೇ ಫ್ರೆಟ್ಟು ಇವೆರಡರ ನಟ್ಟನಡುವೆ. ಸಮರೂಪ ತ್ರಿಭುಜಗಳನ್ನು ನೆನೆಸಿಕೊಳ್ಳಿ: ನಡುವೆ 1 ಮಿಲಿಮೀಟರ್ ಇಳಿಯಬೇಕಾದರೆ ಬಿಳಿಯ ಪಟ್ಟಿಯನ್ನು 2 ಮಿಲಿಮೀಟರ್ ತೇಯಬೇಕು. ವಾದ್ಯ ರಿಪೇರಿ ಮಾಡುವವರೊಬ್ಬರು ಪಟ್ಟಿಯ ತಳವನ್ನು ಉಜ್ಜುಕಾಗದದ ಮೇಲೆ ತೇಯ್ದು ಅರ್ಧ ಗಂಟೆಯಲ್ಲಿ ಮುಗಿಸಿದರು. ಹುಡುಗ ಈಗ ಶಾಲೆಯ ವಾರ್ಷಿಕೋತ್ಸವದಲ್ಲಿ ನುಡಿಸುವ ಮಟ್ಟಕ್ಕೆ ಬಂದಿದ್ದಾನೆ. ಆದ್ದರಿಂದ ಕೈಯಲ್ಲಿರುವ ದುಡ್ಡಿನಲ್ಲಿ ಹತ್ತನೇ ಒಂದು ಪಾಲನ್ನು ಈ ಸೆಟಪ್ ಕೆಲಸಕ್ಕೆಂದು ಮೊದಲೇ ತೆಗೆದಿಡಿ ಎನ್ನುತ್ತೇನೆ. ಒಳ್ಳೆಯ ಅಂಗಡಿಯವರು ಮಾರುವ ಮುನ್ನ ತಾವೇ ಮಾಡಿಕೊಡುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ.

ಇನ್ನು ನಾದದ ವಿಚಾರ. ಶ್ರುತಿಕವೆಯನ್ನು ತಟ್ಟಿ ಗಾಳಿಯಲ್ಲಿ ಹಿಡಿದರೆ ಹಿಂದಿನ ಬೆಂಚಿನವರಿಗೆ ಕೇಳಿಸದು. ಅದರ ಕಾಲನ್ನು ಮೇಜಿಗೆ ಊರಿದರೆ ಇಡೀ ತರಗತಿ ತಲೆಯೆತ್ತುತ್ತದೆ. ಗಿಟಾರಿನ ತಂತಿಯೂ ಅಷ್ಟೇ. ತಂತಿ ಬಡಪಾಯಿ, ಗಾಳಿಯನ್ನು ನೂಕುವುದು ಅದರ ಕೆಳಗಿನ ಮೇಲ್ಹಲಗೆ. ಅದರ ದಪ್ಪ ಮೂರು ಮಿಲಿಮೀಟರಿನ ಒಳಗೆ. ಅದು ಹಗುರವಾಗಿರಬೇಕು, ಬಿರುಸಾಗಿಯೂ ಇರಬೇಕು. ಶೀತ ಪ್ರದೇಶದ ಸ್ಪ್ರೂಸ್ ಮರಕ್ಕೆ ಈ ಎರಡೂ ಗುಣ ಕೂಡಿಬಂದಿವೆ. ಸೀಡರ್ ಮತ್ತೊಂದು ಬಗೆ, ನಾದ ಕೊಂಚ ಮೆದು.

ಇಡೀ ಗಿಟಾರಿನಲ್ಲಿ ಮೇಲ್ಹಲಗೆಯ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಸ್ಪೇನ್ ದೇಶದಲ್ಲೊಂದು ಪ್ರಯೋಗ ನಡೆದಿದೆ. ಇಂದಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟ ಅಂತೋನಿಯೊ ದೆ ತೋರೆಸ್ (1817–1892) ಎಂಬ ಕುಶಲಕರ್ಮಿ 1862ರಲ್ಲಿ ಒಂದು ವಿಚಿತ್ರ ಗಿಟಾರು ಕಟ್ಟಿದ. ಮೇಲ್ಹಲಗೆ ಒಳ್ಳೆಯ ಸ್ಪ್ರೂಸಿನದು, ಬೆನ್ನು ಮತ್ತು ಪಕ್ಕಗಳು ರಟ್ಟಿನವು! ನಾದದ ಗುಟ್ಟು ಮೇಲ್ಹಲಗೆಯಲ್ಲಿದೆ ಎಂದು ತೋರಿಸುವುದೇ ಅವನ ಉದ್ದೇಶ. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಆ ರಟ್ಟಿನ ಗಿಟಾರು ಇಂದಿಗೂ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು ಎಂದು ನಾವು ಮಕ್ಕಳಿಗೆ ಹೇಳಿಕೊಡುವ ಪ್ರಯೋಗದ ಶಿಸ್ತು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ನೋಡಿ.

ಆದ್ದರಿಂದ ಹತ್ತರಿಂದ ಇಪ್ಪತ್ತೈದು ಸಾವಿರದೊಳಗೆ ಕೊಳ್ಳುವವರು ದುಡ್ಡನ್ನು ಮೇಲ್ಹಲಗೆಗೆ ಹಾಕಬೇಕು. ಅಗ್ಗದ ಗಿಟಾರುಗಳಲ್ಲಿ ಅದು ಪ್ಲೈವುಡ್. ಮೇಲೊಂದು ಚಂದದ ಸ್ಪ್ರೂಸ್ ಪದರ ಅಂಟಿಸಿರುತ್ತಾರೆ. ಪದರಗಳ ನಾರು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದಲೂ ನಡುವೆ ಅಂಟು ಇರುವುದರಿಂದಲೂ ಹಲಗೆ ಸರಾಗವಾಗಿ ಕಂಪಿಸದು. ಇಡೀ ಮರದ ಹಲಗೆಗೆ ವ್ಯಾಪಾರದ ಭಾಷೆಯಲ್ಲಿ 'ಸಾಲಿಡ್ ಟಾಪ್' ಎನ್ನುತ್ತಾರೆ. ಇಲ್ಲೊಂದು ಮಾತಿನ ಜಾಣತನವಿದೆ. ಕ್ಯಾಟಲಾಗಿನಲ್ಲಿ ಬರೀ 'ಸ್ಪ್ರೂಸ್ ಟಾಪ್' ಎಂದಿದ್ದರೆ ಅದು ಸಾಮಾನ್ಯವಾಗಿ ಪ್ಲೈ. 'ಸಾಲಿಡ್' ಎಂಬ ಪದ ಅಚ್ಚಾಗಿದ್ದರೆ ಮಾತ್ರ ಇಡೀ ಹಲಗೆ. ಉದಾಹರಣೆಗೆ ಯಮಾಹಾ ಎಫ್ 310 ಬಹಳ ಓಡುವ, ನಂಬಿಕೆಯ ಗಿಟಾರು. ಆದರೆ ಮೇಲ್ಹಲಗೆ ಪ್ಲೈ. ಅದೇ ಕಂಪನಿಯ ಎಫ್‌ಜಿ 800ರಲ್ಲಿ ಇಡೀ ಸ್ಪ್ರೂಸ್. ಫೆಂಡರಿನ ಸಿಡಿ-60ಎಸ್‌ನಲ್ಲೂ ಹಾಗೆಯೇ, ಕೊನೆಯ 'ಎಸ್' ಅಕ್ಷರವೇ ಅದರ ಗುರುತು. ಕಣ್ಣಾರೆ ನೋಡಬೇಕೆ? ನಡುವಿನ ದುಂಡು ತೂತಿನ ಅಂಚಿಗೆ ಬೆಳಕು ಬಿಡಿ. ಮೇಲೆ ಕಾಣುವ ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಹಾಗೇ ಇಳಿದುಬಂದಿದ್ದರೆ ಇಡೀ ಹಲಗೆ. ಬಿಸ್ಕತ್ತಿನ ಹಾಗೆ ಪದರ ಪದರ ಕಂಡರೆ ಪ್ಲೈ. ಅಂಚಿಗೆ ಕಪ್ಪು ಬಣ್ಣ ಬಳಿದು ಮುಚ್ಚಿದ್ದರೆ ಒಂದಿಷ್ಟು ಸಂಶಯಪಡಿ.

ಬೆನ್ನು, ಪಕ್ಕಗಳು ಪ್ಲೈ ಆದರೂ ಈ ಬೆಲೆಗೆ ಅಡ್ಡಿಯಿಲ್ಲ. ರೋಸ್‌ವುಡ್ ಎಂದೊಡನೆ ಕೆಲವರು ಮರುಳಾಗುತ್ತಾರೆ. ಅದು ಬೇರೇನಲ್ಲ, ನಮ್ಮ ಮಲೆನಾಡಿನ ಬೀಟೆ. ಬ್ರೆಜಿಲ್ಲಿನ ಬೀಟೆಯ ದಿಮ್ಮಿ ಸಿಗುವುದು ಕಷ್ಟವಾದಾಗ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. 2017ರಲ್ಲಿ ಬೀಟೆಯ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಾಗ ಪ್ರಪಂಚದ ಗಿಟಾರು ತಯಾರಕರೆಲ್ಲ ಪರದಾಡಿದರು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಚಿಕ್ಕಮಗಳೂರಿನ ಹಳೆಯ ಮನೆಯ ಕಂಬಕ್ಕೂ ಅಮೆರಿಕದ ಗಿಟಾರಿನ ಬೆನ್ನಿಗೂ ಇರುವ ಈ ನಂಟು ಸೊಗಸೇನೋ ಹೌದು. ಆದರೆ ಹದಿನೈದು ಸಾವಿರದ ಗಿಟಾರಿನ ಬೆನ್ನಲ್ಲಿರುವ ಬೀಟೆ ಬಹುತೇಕ ಕಾಗದದಷ್ಟು ತೆಳುವಾದ ಪದರ. ಅದಕ್ಕೆಂದು ಹೆಚ್ಚು ತೆರಬೇಡಿ. ಅಂಗಡಿಯವರು 'ಸೆಮಿ ಅಕೌಸ್ಟಿಕ್' ಎಂದು ಕರೆಯುವ, ಸ್ಪೀಕರಿಗೆ ಜೋಡಿಸುವ ಸಲಕರಣೆಯುಳ್ಳದ್ದೂ ಬೇಡ. ಅದೇ ಬೆಲೆಗೆ ಎಲೆಕ್ಟ್ರಾನಿಕ್ಸ್ ಸೇರಿದೆ ಎಂದರೆ ಮರದಲ್ಲಿ ಎಲ್ಲೋ ಉಳಿಸಿದ್ದಾರೆ ಎಂದೇ ಅರ್ಥ. ಪುಕ್ಕಟೆ ಚೀಲ, ಪಟ್ಟಿ, ಬಣ್ಣಬಣ್ಣದ ಪಿಕ್ಕುಗಳ ವಿಚಾರ ಹೇಳಲೇಬೇಕಿಲ್ಲ.

ಪ್ಲೈವುಡ್ಡಿನ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಮರ ನಾರಿನ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದು ಜಾಸ್ತಿ. ಇಡೀ ಹಲಗೆಯ ಗಿಟಾರು ಮಂಗಳೂರಿನ ಜುಲೈ ತಿಂಗಳಲ್ಲಿ ಉಬ್ಬುತ್ತದೆ, ರಾಯಚೂರಿನ ಮೇ ತಿಂಗಳಲ್ಲಿ ಕುಗ್ಗಿ ಸೀಳಲೂಬಹುದು. ಅಡ್ಡಡ್ಡ ಪದರಗಳ ಪ್ಲೈಗೆ ಈ ಕಾಟ ಕಡಿಮೆ. ಹಾಸ್ಟೆಲ್ಲಿನಲ್ಲಿ ಮಂಚದ ಕೆಳಗೆ ಬಿದ್ದಿರುವ, ಬಸ್ಸಿನ ಮೇಲೆ ಪ್ರಯಾಣಿಸುವ ಗಿಟಾರು ಬೇಕೆಂದಾದರೆ ಗಟ್ಟಿಮುಟ್ಟಾದ ಪ್ಲೈ ಗಿಟಾರನ್ನೇ ಕೊಂಡು ತಂತಿಯ ಎತ್ತರ ಸರಿಮಾಡಿಸಿ ಎಂದು ನಾನೇ ಹೇಳುತ್ತೇನೆ. ಇಡೀ ಹಲಗೆಯದನ್ನು ಕೊಂಡವರು ಒಣ ಊರಿನಲ್ಲಿದ್ದರೆ ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜಿನ ತುಂಡಿಟ್ಟು, ಅದನ್ನು ಗಿಟಾರಿನ ಪೆಟ್ಟಿಗೆಯೊಳಗೆ ಇಡಬೇಕು. ಗಾಳಿಯ ಆರ್ದ್ರತೆ ಶೇಕಡಾ 50ರ ಆಸುಪಾಸು ಇದ್ದರೆ ವಾದ್ಯಕ್ಕೆ ಸುಖ.

ಅಂಗಡಿಯೊಳಗೆ ಏನು ನೋಡಬೇಕು? ಮೊದಲು ಬಡಗಿ ರೀಪು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿ. ಉಕ್ಕಿನ ಆರು ತಂತಿಗಳು ಕೂಡಿ ಸುಮಾರು 70 ಕಿಲೊ ತೂಕದಷ್ಟು ಎಳೆಯುತ್ತವೆ. ದೊಡ್ಡ ಮನುಷ್ಯನೊಬ್ಬ ಹಗಲೂ ರಾತ್ರಿ ಜೋತುಬಿದ್ದ ಲೆಕ್ಕ. ಕತ್ತು ಬಿಲ್ಲಿನಂತೆ ಬಾಗಿದ್ದರೆ, ತಿರುಚಿದ್ದರೆ ಅಲ್ಲೇ ಇಟ್ಟು ಬನ್ನಿ. ತಂತಿಯನ್ನು ಮೊದಲನೆಯ ಮತ್ತು ಹದಿನಾಲ್ಕನೆಯ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿದರೆ ಏಳನೆಯದರ ಬಳಿ ವಿಸಿಟಿಂಗ್ ಕಾರ್ಡಿನಷ್ಟು ಸಂದು ಉಳಿಯಬೇಕು. ಕತ್ತಿನೊಳಗೆ ತಿರುಗಿಸಿ ಸರಿಪಡಿಸುವ ಸರಳು, 'ಟ್ರಸ್ ರಾಡ್', ಇದೆಯೇ ಎಂದು ಕೇಳಿ. ಕುದುರೆಯ ಹಿಂಬದಿಯಲ್ಲಿ ಕಾಗದದ ಅಂಚು ತೂರುತ್ತದೆಯೇ ನೋಡಿ, ತೂರಿದರೆ ಅಂಟು ಬಿಡುತ್ತಿದೆ.

ಆಮೇಲೆ ಶ್ರುತಿಯ ಪರೀಕ್ಷೆ, ಇದೇ ಮುಖ್ಯ. ಹನ್ನೆರಡನೇ ಫ್ರೆಟ್ಟಿನ ನೇರ ಮೇಲೆ ತಂತಿಯನ್ನು ಒತ್ತದೆ ಬೆರಳ ತುದಿ ಸೋಕಿಸಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಈಗ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ಕಿವಿ ಸಾಲದಿದ್ದರೆ ಮೊಬೈಲ್ ಫೋನಿನ ಟ್ಯೂನರ್ ಇದೆ. ಆರೂ ತಂತಿಗಳಿಗೆ ಹೀಗೆ ಮಾಡಿ. ವೀಣೆಯಲ್ಲಾದರೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ತಪ್ಪಿದರೆ ಮೇಣ ಮೆದುಮಾಡಿ ಸರಿಸಬಹುದು. ಗಿಟಾರಿನ ಫ್ರೆಟ್ಟು ಮರಕ್ಕೆ ಹೊಡೆದದ್ದು, ತಪ್ಪಿದರೆ ತಪ್ಪಿಯೇ ಹೋಯಿತು. (ಇವುಗಳ ಜಾಗ ಗೊತ್ತುಮಾಡಲು, ಉಳಿದ ತಂತಿಯ ಹದಿನೆಂಟನೇ ಒಂದು ಭಾಗ ಬಿಡುತ್ತಾ ಹೋಗು ಎಂಬ ಸೂತ್ರವನ್ನು 1581ರಲ್ಲಿ ಬರೆದಿಟ್ಟವನು ವಿನ್ಸೆಂಜೊ ಗೆಲಿಲಿ, ನಮ್ಮ ಗೆಲಿಲಿಯೊನ ತಂದೆ. ಇಂದಿನ ಲೆಕ್ಕದಲ್ಲಿ ಅದು 17.817. ಅಪ್ಪನೂ ಅಳೆಯುವ ಜಾತಿಯವನೇ.) ಕೊನೆಗೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ಮೀಟಿ ಎಲ್ಲಾದರೂ ಝರ್ರೆನ್ನುತ್ತದೆಯೇ ಕೇಳಿ. ಕಾಲು ಗಂಟೆ ಹಿಡಿದೀತು. ಅಂಗಡಿಯವರು ಗೊಣಗಿದರೆ ಗೊಣಗಲಿ, ದುಡ್ಡು ನಿಮ್ಮದು. ಅಂಚೆ ಪೆಟ್ಟಿಗೆಯಲ್ಲಿ ತರಿಸುವವರಿಗೆ ಈ ಸೌಕರ್ಯವಿಲ್ಲ. ವಾಪಸು ಕೊಳ್ಳುವ ಕರಾರು ಇದ್ದರೆ ಮಾತ್ರ ತರಿಸಿ, ಬಂದ ದಿನವೇ ಪರೀಕ್ಷಿಸಿ.

ಹತ್ತು ವರ್ಷದೊಳಗಿನ ಮಕ್ಕಳಿಗೆ ಮುಕ್ಕಾಲು ಅಳತೆಯ, ನೈಲಾನ್ ತಂತಿಯ ಗಿಟಾರು ಒಳ್ಳೆಯದು. ನೈಲಾನಿನ ಬಿಗಿತ ಉಕ್ಕಿನ ಅರ್ಧದಷ್ಟೇ, ಬೆರಳಿಗೆ ಹಿತ. ಆದರೆ 'ಸೌಂಡು ಸಾಲದು' ಎಂದು ಅದಕ್ಕೆ ಉಕ್ಕಿನ ತಂತಿ ಏರಿಸಬೇಡಿ. ಅಷ್ಟು ಎಳೆತ ತಾಳಲು ಅದನ್ನು ಕಟ್ಟಿಲ್ಲ, ಕುದುರೆಯೇ ಕಿತ್ತುಬರುತ್ತದೆ. ಬೆಂಗಳೂರಿನಲ್ಲಿರುವವರು ಹಳೆಯ ಗಿಟಾರುಗಳನ್ನೂ ವಿಚಾರಿಸಬಹುದು. ಹೊಸ ವರ್ಷದ ಸಂಕಲ್ಪಕ್ಕೆ ಕೊಂಡು ಯುಗಾದಿಗೆ ಮಾರುವ ಉತ್ಸಾಹಿಗಳು ಅಲ್ಲಿ ಧಾರಾಳ ಇದ್ದಾರೆ. ಹೊಸ ಪ್ಲೈ ಗಿಟಾರಿನ ಬೆಲೆಗೆ ಇಡೀ ಹಲಗೆಯದು ಸಿಕ್ಕೀತು. ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ, ಮನೆಗೆ ತಂದೊಡನೆ ಹೊಸ ತಂತಿ ಹಾಕಿಸಿ. ತುಕ್ಕು ಹಿಡಿದ ತಂತಿಯಲ್ಲಿ ಎಂಥ ಹಲಗೆಯೂ ಮಂಕಾಗಿಯೇ ಕೇಳುತ್ತದೆ.

ಮತ್ತೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರು ಬಿಟ್ಟು ಹೋಗಬೇಡಿ. ಕುದುರೆಯನ್ನು ಹಿಡಿದಿರುವ ಅಂಟು ಆ ಕಾವಿಗೆ ಮೆದುವಾಗುತ್ತದೆ, 70 ಕಿಲೊ ಎಳೆತ ಮಾತ್ರ ಹಾಗೇ ಇರುತ್ತದೆ. ಊರ ಜಾತ್ರೆಗೆ ಹೊರಟಾಗ ಅದು ಮನೆಯಲ್ಲೇ ಇರಲಿ.