ಲ್ಯಾಟಿನ್ ಗಾಯನ: ಹಾಡಬೇಕಾದವರು ಯಾರು?

ಪೋಪ್ 14ನೇ ಲಿಯೊ ಅವರು ಆಯ್ಕೆಯಾಗಿ ಆಗಿನ್ನೂ ಮೂರೇ ದಿನ. 2025ರ ಮೇ 11ರ ಭಾನುವಾರ ಸಂತ ಪೇತ್ರರ ಮಹಾದೇವಾಲಯದ ಮುಖಮಂಟಪದಲ್ಲಿ ನಿಂತು, ಪಾಸ್ಖ ಕಾಲದ ಮರಿಯ ಪ್ರಾರ್ಥನೆಯಾದ 'ರೆಜಿನಾ ಚೇಲಿ'ಯನ್ನು ಅವರು ಓದಲಿಲ್ಲ, ಲ್ಯಾಟಿನಿನಲ್ಲಿ ಹಾಡಿದರು. ವಾದ್ಯವಿಲ್ಲದೆ, ಸರಳ ಧಾಟಿಯಲ್ಲಿ, ಒಬ್ಬ ಗುರು ತನ್ನ ಧರ್ಮಕೇಂದ್ರದ ಜನರ ಮುಂದೆ ಹಾಡುವಂತೆ ಹಾಡಿದರು. ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಜಗತ್ತೆಲ್ಲ ಸುತ್ತಿತು. ರೋಮಿನ ಪವಿತ್ರ ಸಂಗೀತದ ಪೊಂಟಿಫಿಕಲ್ ಸಂಸ್ಥೆಯ ಮುಖ್ಯಸ್ಥರಾದ ಡೊಮಿನಿಕನ್ ಗುರು ವಂ. ರಾಬರ್ಟ್ ಮೆಲ್ಹಾರ್ಟ್ ಅವರು 'ಪೋಪರೊಂದಿಗೆ ಹಾಡೋಣ' ಎಂಬ ಹೆಸರಿನಲ್ಲಿ ಪುಟ್ಟ ಪುಟ್ಟ ಪಾಠಗಳನ್ನು ಅಂತರ್ಜಾಲದಲ್ಲಿ ಆರಂಭಿಸಿದರು.

ನಮ್ಮ ಕರಾವಳಿಯ ಗಾಯನ ಮಂಡಳಿಗಳಲ್ಲಿಯೂ ಅಂದಿನಿಂದ ಒಂದು ಪ್ರಶ್ನೆ ಸುಳಿದಾಡುತ್ತಿದೆ: ಲ್ಯಾಟಿನ್ ಮತ್ತೆ ಬರುತ್ತದೆಯೇ? ಕೆಲವರಿಗೆ ಇದು ಸಂತೋಷ, ಕೆಲವರಿಗೆ ಆತಂಕ. ಆದರೆ ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗುತ್ತಿದೆ ಎಂಬುದು ನಮ್ಮ ಅನಿಸಿಕೆ.

ಗೊಂದಲದ ಮೂಲ ಇರುವುದು ಇನ್ನೊಂದು ಜಗಳದಲ್ಲಿ. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಮುಂಚಿನ ಪೂಜಾವಿಧಿಯನ್ನು, ಅಂದರೆ 1962ರ ಪೂಜಾಗ್ರಂಥವನ್ನು ಅನುಸರಿಸುವ ಬಲಿಪೂಜೆಗೆ 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಧಾರಾಳ ಅವಕಾಶ ನೀಡಿದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅದನ್ನು ಬಿಗಿಗೊಳಿಸಿದರು. 2025ರಲ್ಲಿ ಅಮೆರಿಕದ ಶಾರ್ಲಟ್ ಧರ್ಮಪ್ರಾಂತ್ಯದಲ್ಲಿ ಹಳೆಯ ವಿಧಿಯ ಪೂಜೆಯನ್ನು ಒಂದೇ ಪ್ರಾರ್ಥನಾಲಯಕ್ಕೆ ಸೀಮಿತಗೊಳಿಸಿದಾಗ ಜನ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಅದೇ ಸಮಯದಲ್ಲಿ ಸೋರಿಕೆಯಾದ ಅಲ್ಲಿನ ಒಂದು ಕರಡಿನಲ್ಲಿ, ಇಂದಿನ ಸಾಮಾನ್ಯ ಬಲಿಪೂಜೆಯಲ್ಲಿಯೂ ಲ್ಯಾಟಿನ್ ಬಳಕೆಯನ್ನು ಕಡಿಮೆ ಮಾಡಬೇಕೆಂಬ ಧೋರಣೆ ಕಂಡುಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ, ಪೋಪರ ಅನುಮತಿಯೊಂದಿಗೆ, ಕಾರ್ಡಿನಲ್ ರೇಮಂಡ್ ಬರ್ಕ್ ಅವರು ಸಂತ ಪೇತ್ರರ ಮಹಾದೇವಾಲಯದಲ್ಲಿಯೇ ಹಳೆಯ ವಿಧಿಯಲ್ಲಿ ಬಲಿಪೂಜೆ ಅರ್ಪಿಸಿದರು. ಹೀಗೆ 'ಲ್ಯಾಟಿನ್' ಎಂದೊಡನೆ ಯಾರು ಯಾವ ಪಕ್ಷ ಎಂದು ನೋಡುವ ಅಭ್ಯಾಸ ಬೆಳೆದುಬಿಟ್ಟಿದೆ.

ಇದು ವಿಧಿಯ ಜಗಳ. ಗಾಯನದ ಪ್ರಶ್ನೆಯೇ ಬೇರೆ. ನಾವು ದಿನನಿತ್ಯ ಅರ್ಪಿಸುವ, ಮಹಾಸಭೆಯ ನಂತರದ ಬಲಿಪೂಜೆಗೇ ಗ್ರೆಗೋರಿಯನ್ ಗಾಯನ ಸೇರಿದೆ. 1963ರ ಡಿಸೆಂಬರ್ 4ರಂದು ಹೊರಬಂದ ಪವಿತ್ರ ಆರಾಧನಾ ವಿಧಿಯ ಸಂವಿಧಾನವು ಮಾತೃಭಾಷೆಗೆ ಬಾಗಿಲು ತೆರೆಯಿತು ಎಂಬುದು ಎಲ್ಲರಿಗೂ ನೆನಪಿದೆ. ಅದೇ ಸಂವಿಧಾನದ 54ನೇ ಪರಿಚ್ಛೇದವು ಜನರು ತಮಗೆ ಸೇರಿದ ಭಾಗಗಳನ್ನು ಲ್ಯಾಟಿನಿನಲ್ಲಿಯೂ ಒಟ್ಟಾಗಿ ಹೇಳಲು ಅಥವಾ ಹಾಡಲು ಶಕ್ತರಾಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. 116ನೇ ಪರಿಚ್ಛೇದವು ರೋಮನ್ ಆರಾಧನೆಯಲ್ಲಿ ಗ್ರೆಗೋರಿಯನ್ ಗಾಯನಕ್ಕೆ ಪ್ರಥಮ ಸ್ಥಾನ ಕೊಡುತ್ತದೆ. ಉಳಿದ ಅಂಶಗಳು ಸರಿಸಮವಾಗಿದ್ದರೆ ಎಂಬ ಷರತ್ತೂ ಅಲ್ಲಿದೆ. ಲ್ಯಾಟಿನ್ ಪ್ರಿಯರು ಈ ಷರತ್ತನ್ನು ಮರೆಯುತ್ತಾರೆ, ಲ್ಯಾಟಿನ್ ಬೇಡವೆನ್ನುವವರು ಇಡೀ ವಾಕ್ಯವನ್ನೇ ಮರೆಯುತ್ತಾರೆ! ಮಿಷನ್ ನಾಡುಗಳ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದು ಹೇಳುವ 119ನೇ ಪರಿಚ್ಛೇದವೂ ಅದೇ ದಾಖಲೆಯಲ್ಲಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಇಂಥ ಚರ್ಚೆ ಹೊಸದೇನಲ್ಲ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಪೋಪ್ 10ನೇ ಪಯಸ್ ಅವರು ಪವಿತ್ರ ಸಂಗೀತದ ಕುರಿತು ತಮ್ಮ ಪ್ರಸಿದ್ಧ ಆದೇಶ ಹೊರಡಿಸಿದರು. ಇಟಲಿಯ ಚರ್ಚುಗಳಲ್ಲಿ ಆಗ ನಾಟಕಶಾಲೆಯ ಸಂಗೀತ ತುಂಬಿಹೋಗಿತ್ತು. ಭಾಷೆ ಲ್ಯಾಟಿನ್ನೇ, ಧಾಟಿ ಮಾತ್ರ ಒಪೆರಾದ್ದು. ಜನರು ಕೇಳುಗರಾಗಿ ಕುಳಿತಿದ್ದರು. ಪಯಸ್ ಅವರು ಬಯಸಿದ್ದು ಜನರ ಬಾಯಿಗೆ ಗಾಯನ ಮರಳಬೇಕು ಎಂಬುದನ್ನು. ಆರಾಧನೆಯಲ್ಲಿ ಭಕ್ತರ ಸಕ್ರಿಯ ಪಾಲ್ಗೊಳ್ಳುವಿಕೆ ಎಂದು ಇಂದು ನಾವು ಬಾಯಿತುಂಬ ಹೇಳುವ ಮಾತು ಬಳಕೆಗೆ ಬಂದದ್ದೇ ಆ ಆದೇಶದಿಂದ. ಫ್ರಾನ್ಸಿನ ಸೊಲೆಮ್ ಮಠದ ಬೆನೆಡಿಕ್ಟಿನ್ ಸನ್ಯಾಸಿಗಳು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ ಶುದ್ಧೀಕರಿಸಿದ ಧಾಟಿಗಳು ಆ ಬಳಿಕವೇ ಜಗತ್ತಿನ ಧರ್ಮಕೇಂದ್ರಗಳಿಗೆ ತಲುಪಿದವು.

ಪಕ್ಕದ ಗೋವಾದ ಕಥೆಯನ್ನು ಇಲ್ಲಿ ನೆನೆಯದಿರಲಾಗದು. ಅಲ್ಲಿನ ಚರ್ಚ್ ಶಾಲೆಗಳಲ್ಲಿ 'ಮೆಸ್ತ್ರಿ' ಎಂಬ ಸಂಗೀತ ಗುರು ಹಳ್ಳಿಯ ಮಕ್ಕಳಿಗೆ ಸ್ವರಲಿಪಿ ಓದಲು, ಪಿಟೀಲು ನುಡಿಸಲು, ಲ್ಯಾಟಿನ್ ಪೂಜೆಗಳಿಗೆ ಹಾಡಲು ಕಲಿಸುತ್ತಿದ್ದರು. ಗೋವಾದವರೇ ರಚಿಸಿದ ಲ್ಯಾಟಿನ್ ಮೊಟೆಟುಗಳು ತಪಸ್ಸು ಕಾಲದಲ್ಲಿ ಇಂದಿಗೂ ಅಲ್ಲಿ ಕೇಳಿಬರುತ್ತವೆ. ಆ ಶಿಕ್ಷಣದ ಫಲ ಚರ್ಚಿನಲ್ಲಿ ಮಾತ್ರ ಉಳಿಯಲಿಲ್ಲ. ಮುಂಬಯಿಯ ಹಿಂದಿ ಚಿತ್ರರಂಗದ ವಾದ್ಯವೃಂದಗಳನ್ನು ಕಟ್ಟಿದವರಲ್ಲಿ ಗೋವಾದ ಕ್ರೈಸ್ತರ ಪಾಲು ದೊಡ್ಡದು. ಆಂಟನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾ ಅವರ ಹೆಸರುಗಳನ್ನು ಕೇಳದ ಸಂಗೀತಪ್ರಿಯರಿಲ್ಲ. ಚರ್ಚಿನಿಂದ ಚಿತ್ರರಂಗಕ್ಕೆ ಹೋದ ಸಂಗೀತ ಈಗ ಚಿತ್ರಗೀತೆಯ ಧಾಟಿಯಾಗಿ ಕೀಬೋರ್ಡಿನ ಮೂಲಕ ನಮ್ಮ ಚರ್ಚುಗಳಿಗೆ ಹಿಂತಿರುಗುತ್ತಿದೆ ಎಂದರೆ ಯಾರೂ ಬೇಸರಿಸಬಾರದು.

ಈಗ ನಮ್ಮ ಒಂದು ಸಾಧಾರಣ ಭಾನುವಾರದ ಪೂಜೆಯನ್ನು ನೋಡೋಣ. ಪ್ರವೇಶ ಗೀತೆ ಅಬ್ಬರದಿಂದ ಆರಂಭವಾಗುತ್ತದೆ. ಅರ್ಪಣೆಗೆ ಒಂದು ಹೊಸ ಹಾಡು, ಪರಮಪ್ರಸಾದಕ್ಕೆ ಎರಡು, ಕೊನೆಗೆ ಮತ್ತೊಂದು. ಮೈಕು ಇರುವುದು ಮಂಡಳಿಯವರ ಕೈಯಲ್ಲಿ. ಹಾಡು ಹೊಸದಾದ್ದರಿಂದ ಬೆಂಚುಗಳಲ್ಲಿರುವವರು ಸುಮ್ಮನಿರುತ್ತಾರೆ. ಯಾಜಕರ ಅಭಿವಂದನೆ, ಪ್ರಾರ್ಥನೆಗಳು, ಪರಮ ಪ್ರಾರ್ಥನೆಗೆ ಮುಂಚಿನ ಸಂವಾದ ಇವೆಲ್ಲವೂ ಬರೀ ಮಾತಿನಲ್ಲಿ ಮುಗಿಯುತ್ತವೆ. ಕೀರ್ತನೆಯನ್ನು ಕೂಡ ಓದಿಬಿಡುವವರೇ ಹೆಚ್ಚು.

1967ರ ಮಾರ್ಚ್ 5ರಂದು ರೋಮಿನಿಂದ ಬಂದ 'ಮುಸಿಕಾಂ ಸಾಕ್ರಾಂ' ಎಂಬ ನಿರ್ದೇಶನ ಪತ್ರವನ್ನು ತೆರೆದು ನೋಡಿದರೆ ಕ್ರಮ ಸಂಪೂರ್ಣ ತಲೆಕೆಳಗಾಗಿರುವುದು ತಿಳಿಯುತ್ತದೆ. ಅದು ಗಾಯನವನ್ನು ಮೂರು ಹಂತಗಳಲ್ಲಿ ಜೋಡಿಸುತ್ತದೆ. ಯಾಜಕರ ಅಭಿವಂದನೆ ಮತ್ತು ಜನರ ಉತ್ತರ, ಸಭಾ ಪ್ರಾರ್ಥನೆ, ಶುಭಸಂದೇಶದ ಘೋಷಣೆಗಳು, ಪರಮ ಪ್ರಾರ್ಥನೆಯ ಪೀಠಿಕೆಯ ಸಂವಾದ, 'ಸಾಂಕ್ತುಸ್', ಪ್ರಭುವಿನ ಪ್ರಾರ್ಥನೆ, ಸಮಾಪ್ತಿಯ ಮಾತು ಇವು ಮೊದಲ ಹಂತ. ಕರುಣೆಯ ಯಾಚನೆ, ಮಹಿಮಾಗೀತೆ, ವಿಶ್ವಾಸ ಸಂಗ್ರಹ, 'ಆನ್ಯುಸ್ ದೇಯಿ' ಮುಂತಾದವು ಎರಡನೆಯದು. ಪ್ರವೇಶ, ಅರ್ಪಣೆ ಮತ್ತು ಪರಮಪ್ರಸಾದದ ಗೀತೆಗಳು ಬರುವುದು ಮೂರನೆಯದರಲ್ಲಿ. ಮೊದಲನೆಯದನ್ನು ಬಿಟ್ಟು ಎರಡನೆಯ ಅಥವಾ ಮೂರನೆಯ ಹಂತವನ್ನು ಹಾಡಬಾರದು ಎಂದು ಆ ಪತ್ರ ಸ್ಪಷ್ಟವಾಗಿ ಹೇಳುತ್ತದೆ. ನಾವು ಮೂರನೆಯದನ್ನು ಮಾತ್ರ ಹಾಡಿ, ಮೊದಲನೆಯದನ್ನು ಓದುತ್ತಿದ್ದೇವೆ. ಇದಕ್ಕೆ ಗಾಯನ ಮಂಡಳಿಗಳನ್ನು ದೂರಿ ಪ್ರಯೋಜನವಿಲ್ಲ. ಮೊದಲ ಹಂತ ಆರಂಭವಾಗಬೇಕಾದದ್ದು ಯಾಜಕರ ಗಂಟಲಿನಿಂದ. ಗುರುಗಳು ಹಾಡದಿದ್ದರೆ ಜನರು ಯಾವುದಕ್ಕೆ ಉತ್ತರ ಹಾಡಬೇಕು?

ಲ್ಯಾಟಿನ್ ಗಾಯನದ ನಿಜವಾದ ಉಪಯೋಗ ನಮಗೆ ಕಾಣುವುದು ಇಲ್ಲಿಯೇ. 1974ರಲ್ಲಿ ಪೋಪ್ 6ನೇ ಪೌಲ್ ಅವರು 'ಜುಬಿಲಾತೆ ದೇಯೊ' ಎಂಬ ಚಿಕ್ಕ ಪುಸ್ತಿಕೆಯನ್ನು ಜಗತ್ತಿನ ಧರ್ಮಾಧ್ಯಕ್ಷರಿಗೆ ಕಳುಹಿಸಿದರು. ಎಲ್ಲ ಧರ್ಮಕೇಂದ್ರಗಳ ಜನರಿಗೆ ಗೊತ್ತಿರಬೇಕಾದ ಕನಿಷ್ಠ ಗಾಯನಗಳ ಸಂಗ್ರಹವದು. ಅದರಲ್ಲಿರುವ 'ಸಾಂಕ್ತುಸ್', ಪೂಜಾಗಾಯನಗಳ ಸಾಲಿನಲ್ಲಿ 18ನೆಯದು, ಕೆಲವೇ ಸ್ವರಗಳಲ್ಲಿ ಮುಗಿಯುತ್ತದೆ. ಒಂದು ಮಗು ಎರಡು ಭಾನುವಾರಗಳಲ್ಲಿ ಕಲಿಯಬಹುದು. ಅದರ ಧಾಟಿ ಬೇರೆಲ್ಲಿಂದಲೂ ಬಂದದ್ದಲ್ಲ, ಯಾಜಕರು ಹಾಡುವ ಪೀಠಿಕೆಯ ಧಾಟಿಯ ಮುಂದುವರಿಕೆಯೇ. ಯಾಜಕರು ಪೀಠಿಕೆಯನ್ನು ಹಾಡಿ ಮುಗಿಸಿದಾಗ ಜನರು ಅದೇ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ. ಕೀಬೋರ್ಡಿನವರು ಸ್ವರ ಕೊಡಲೆಂದು ಕಾಯಬೇಕಾಗಿಲ್ಲ. ಪೀಠಿಕೆಯನ್ನು ಓದಿದರೆ ಈ ಕೊಂಡಿ ಕಳಚಿಹೋಗುತ್ತದೆ.

ನಮ್ಮ ಕಿವಿಗೆ ಈ ಗಾಯನ ಪರಕೀಯ ಎಂಬ ಆಕ್ಷೇಪವಿದೆ. ಪರಿಶೀಲಿಸಿದರೆ ಮಾತು ಬೇರೆಯೇ ಆಗುತ್ತದೆ. ಗ್ರೆಗೋರಿಯನ್ ಗಾಯನಕ್ಕೆ ಸ್ವರಮೇಳದ ಹಂಗಿಲ್ಲ, ನಾಲ್ಕು ಕಂಠಗಳ ವಿಂಗಡಣೆಯಿಲ್ಲ. ಒಂದೇ ಧಾಟಿ, ಎಂಟು ಸ್ವರಕ್ರಮಗಳು, ಪ್ರತಿಯೊಂದಕ್ಕೂ ತನ್ನದೇ ಆಧಾರಸ್ವರ ಮತ್ತು ಭಾವ. ತಾಳದ ಕಟ್ಟಿಲ್ಲ; ಮಾತಿನ ನಡಿಗೆಯೇ ಅದರ ನಡಿಗೆ. ಭಜನೆ ಕೇಳಿ, ಯಕ್ಷಗಾನದ ಭಾಗವತಿಕೆ ಕೇಳಿ ಬೆಳೆದ ಕರಾವಳಿಯ ಕಿವಿಗೆ ಇಂಗ್ಲಿಷ್ ಸ್ತುತಿಗೀತೆಗಳ ಕಾರ್ಡುಗಳಿಗಿಂತ ಇದು ಹತ್ತಿರ ಎಂದು ನಾವು ಧೈರ್ಯವಾಗಿ ಹೇಳುತ್ತೇವೆ. ಕೀಬೋರ್ಡನ್ನು ಮುಚ್ಚಿಟ್ಟು ಒಂದು ಶ್ರುತಿಪೆಟ್ಟಿಗೆಯನ್ನು ಮೆಲ್ಲನೆ ಇಟ್ಟು ನೋಡಿ. ಆಧಾರಸ್ವರವನ್ನು ಎಳೆದು ಹಿಡಿಯುವ ಪದ್ಧತಿ ಪೂರ್ವದ ಬೈಜಾಂಟೈನ್ ಗಾಯನದಲ್ಲಿಯೂ ಇದೆ.

ಅರ್ಥವಾಗದ ಭಾಷೆ ಯಾಕೆ ಎಂಬ ಪ್ರಶ್ನೆ ಇನ್ನೂ ಗಂಭೀರವಾದುದು. ದೇವರ ವಾಕ್ಯ, ಪ್ರಾರ್ಥನೆ, ಕೀರ್ತನೆ ಇವು ಜನರ ಭಾಷೆಯಲ್ಲಿಯೇ ಇರಬೇಕು, ಇದರಲ್ಲಿ ಎರಡು ಮಾತಿಲ್ಲ. ಪ್ರತಿ ವಾರವೂ ಪುನರಾವರ್ತನೆಯಾಗುವ, ಅರ್ಥವನ್ನು ಎಲ್ಲರೂ ಕನ್ನಡದಲ್ಲಿ ಅಥವಾ ಕೊಂಕಣಿಯಲ್ಲಿ ಬಾಲ್ಯದಿಂದಲೇ ಬಲ್ಲ ನಾಲ್ಕಾರು ಭಾಗಗಳ ಬಗ್ಗೆ ಮಾತ್ರ ನಾವು ಹೇಳುತ್ತಿರುವುದು. ಅವುಗಳಲ್ಲಿ 'ಕೀರಿಯೆ ಎಲೆಯಿಸೋನ್' ಎಂಬುದಂತೂ ಲ್ಯಾಟಿನ್ ಕೂಡ ಅಲ್ಲ, ಗ್ರೀಕ್.

ನಮ್ಮಲ್ಲಿ ಭಾಷೆಯ ವಿಷಯ ಎಷ್ಟು ಸೂಕ್ಷ್ಮ ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಕೊಂಕಣಿ, ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ಆಡುವವರು ಒಂದೇ ಸೂರಿನಡಿ ಸೇರುವ ಹಬ್ಬಗಳಲ್ಲಿ ಯಾವ ಹಾಡು ಯಾವ ಭಾಷೆಯಲ್ಲಿ ಎಂದು ಲೆಕ್ಕ ಹಾಕುವುದರಲ್ಲಿಯೇ ಸಮಿತಿಯ ಸಭೆಗಳು ಕಳೆಯುತ್ತವೆ. ಬೆಂಗಳೂರಿನಲ್ಲಿ ಪೂಜೆಯ ಭಾಷೆಯ ವಿವಾದ ದಶಕಗಳ ಕಾಲ ಸಮುದಾಯವನ್ನು ನೋಯಿಸಿದೆ. ಬೇರೆ ಬೇರೆ ನಾಡಿನ ಭಕ್ತರು ಒಟ್ಟುಗೂಡುವುದು ಹೆಚ್ಚುತ್ತಿರುವುದರಿಂದ ವಿಶ್ವಾಸ ಸಂಗ್ರಹ ಮತ್ತು ಪ್ರಭುವಿನ ಪ್ರಾರ್ಥನೆಯನ್ನಾದರೂ ಸರಳ ಧಾಟಿಯ ಲ್ಯಾಟಿನಿನಲ್ಲಿ ಒಟ್ಟಿಗೆ ಹಾಡಲು ತಿಳಿದಿರುವುದು ಒಳ್ಳೆಯದು ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 41ನೇ ಪರಿಚ್ಛೇದ ಹೇಳುವುದು ಈ ಕಾರಣಕ್ಕೇ. ಯಾರ ಮನೆಮಾತೂ ಅಲ್ಲದ ಭಾಷೆಯಲ್ಲಿ ಯಾರಿಗೂ ಸೋಲಿಲ್ಲ. ಗಲ್ಫ್‌ನಲ್ಲಿ ಹತ್ತು ಭಾಷೆಗಳ ಜನರ ನಡುವೆ ಪೂಜೆಗೆ ನಿಲ್ಲುವ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾದೀತು.

ಆದರೆ ಒಂದು ಅಪಾಯವನ್ನು ಮುಚ್ಚಿಡಲಾಗದು. ಲ್ಯಾಟಿನ್ ಎಂಬುದು ಗಾಯನ ಮಂಡಳಿಯ ಹೊಸ ಪದಕವಾಗಿಬಿಡಬಹುದು. ಹಬ್ಬದ ದಿನ ನಾಲ್ಕು ಕಂಠಗಳ ಕಠಿಣ ಮೊಟೆಟನ್ನು ಹಾಡಿ, ಪೂಜೆ ಮುಗಿದ ಮೇಲೆ ಚಪ್ಪಾಳೆ ಪಡೆದು, ವಿಡಿಯೋ ಹಂಚಿಕೊಂಡರೆ 1903ರ ರೋಗವೇ ಮರಳಿದಂತೆ. ಜನರು ಆಗಲೂ ಮೂಕರು, ಈಗಲೂ ಮೂಕರು. 2025ರ ನವೆಂಬರಿನಲ್ಲಿ ರೋಮಿನಲ್ಲಿ ನಡೆದ ಗಾಯನ ಮಂಡಳಿಗಳ ಜೂಬಿಲಿಯಲ್ಲಿ ಪೋಪ್ ಲಿಯೊ ಅವರು ಎಚ್ಚರಿಸಿದ್ದೂ ಇದನ್ನೇ: ಪ್ರದರ್ಶನದ ಶೋಧನೆಗೆ ಒಳಗಾದ ಮಂಡಳಿ ಇಡೀ ಸಭೆ ಹಾಡುವುದನ್ನು ತಡೆಯುತ್ತದೆ. ಒಳ್ಳೆಯ ಮೊಟೆಟಿಗೆ ಅರ್ಪಣೆಯ ವೇಳೆಯಲ್ಲಿ ಸ್ಥಳವಿದೆ, ಅದನ್ನು ನಾವು ಬೇಡವೆನ್ನುವುದಿಲ್ಲ. ಜನರದ್ದನ್ನು ಜನರಿಗೆ ಬಿಟ್ಟುಕೊಟ್ಟ ನಂತರ ಅದು ಬರಲಿ.

ಕನ್ನಡದ ಕೆಲಸವೂ ಬಾಕಿಯಿದೆ. ಲ್ಯಾಟಿನ್ ಧಾಟಿಗೆ ಕನ್ನಡದ ಪ್ರಾರ್ಥನೆಯನ್ನು ಹಾಗೆಯೇ ಹೊಂದಿಸಿದರೆ ಕಿವಿಗೆ ಒರಟಾಗುತ್ತದೆ. ಲ್ಯಾಟಿನಿಗೆ ಪದದ ಮೇಲಿನ ಒತ್ತು ಮುಖ್ಯ, ಕನ್ನಡಕ್ಕೆ ಹ್ರಸ್ವ ದೀರ್ಘ. ಕೀರ್ತನೆಗಳಿಗೆ ನಮ್ಮ ಮಾತಿನ ತೂಕಕ್ಕೆ ಸರಿಹೊಂದುವ, ಯಾವ ಹಳ್ಳಿಯ ಮಂಡಳಿಯೂ ಹಾಡಬಲ್ಲ ಹತ್ತು ಹನ್ನೆರಡು ಧಾಟಿಗಳಿದ್ದರೆ ಸಾಕು. ಹೊಸ ಹಾಡುಗಳ ಸಿ.ಡಿ., ಯೂಟ್ಯೂಬ್ ಎಂದು ನಾವು ಮಾಡುವ ಖರ್ಚಿನಲ್ಲಿ ಒಂದು ಪಾಲು ಈ ಕೆಲಸಕ್ಕೆ ಹೋದರೆ ಗುರುಮಠದ ಬ್ರದರ್‌ಗಳೂ ಸಂಗೀತ ಬಲ್ಲ ಶ್ರೀಸಾಮಾನ್ಯರೂ ಸೇರಿ ಮುಗಿಸಬಹುದು.

ಆರಂಭಕ್ಕೆ ತಪಸ್ಸು ಕಾಲಕ್ಕಿಂತ ಒಳ್ಳೆಯ ಸಮಯವಿಲ್ಲ. ಆ ದಿನಗಳಲ್ಲಿ ಆರ್ಗನ್ ಮತ್ತಿತರ ವಾದ್ಯಗಳು ಗಾಯನಕ್ಕೆ ಆಸರೆಯಾಗಿ ಮಾತ್ರ ಇರಬೇಕೆಂಬ ನಿಯಮ ಹೇಗೂ ಇದೆ; ನಾಲ್ಕನೇ ಭಾನುವಾರ, ಮಹಾಹಬ್ಬಗಳು ಮತ್ತು ಹಬ್ಬಗಳಿಗೆ ಮಾತ್ರ ವಿನಾಯಿತಿ. ಗುರುಗಳು ಪೀಠಿಕೆಯ ಸಂವಾದವನ್ನು ಹಾಡಲಿ, ಜನರು 'ಸಾಂಕ್ತುಸ್' ಒಂದನ್ನೇ ಐದಾರು ಭಾನುವಾರ ಹಾಡಲಿ. ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುವುದಕ್ಕಿಂತ ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಉಚ್ಚಾರಣೆ ತಾನಾಗಿಯೇ ಸರಿಯಾಗುತ್ತದೆ. 1965ರಲ್ಲಿ ಹತ್ತು ವರ್ಷದವರಾಗಿದ್ದು ಲ್ಯಾಟಿನ್ ಪೂಜೆಗೆ ಹಾಡಿದವರು ಈಗ ಎಪ್ಪತ್ತು ದಾಟಿದ್ದಾರೆ. ಪ್ರತಿ ವಾರ್ಡಿನಲ್ಲಿ ಅಂಥವರು ಒಬ್ಬಿಬ್ಬರಾದರೂ ಸಿಗುತ್ತಾರೆ, 'ಸಾಲ್ವೆ ರೆಜಿನಾ' ಎಂದರೆ ಪುಸ್ತಕವಿಲ್ಲದೆ ಹಾಡುತ್ತಾರೆ. ಮಂಡಳಿಯ ಮಕ್ಕಳು ಅವರ ಮನೆಗೆ ಹೋಗಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬರಲಿ. ಚರ್ಚಿನಲ್ಲಿ ಹಾಡುವಾಗ ಆ ಅಜ್ಜಿಯರ ಕಂಠಕ್ಕೆ ಎಟಕುವ ಶ್ರುತಿಯನ್ನೇ ಹಿಡಿಯಬೇಕು. ಗಂಡಸರೂ ಆಗ ಬಾಯಿ ತೆರೆಯುತ್ತಾರೆ.